ಊರು ಸುತ್ತುವಾಗ ಅಲ್ಲಿಯವರ ಹಾಡು ಕಿವಿಗೆ ಬೀಳಬೇಕಾದರೆ ಏನು ಮಾಡುತ್ತೀರಿ?

ಕಿಟಕಿ ಸೀಟು

ಹೋದ ವರ್ಷ ಲಿಸ್ಬನ್‌ಗೆ ಹೋಗಿದ್ದೆ. ಫಾದೊ ಅನ್ನುವ ಅಲ್ಲಿಯ ಹಾಡು ಕೇಳದೆ ವಾಪಸ್ ಬರುವುದಿಲ್ಲ ಅಂತ ಹಟ ಹಿಡಿದೇ ಹೊರಟಿದ್ದು. ಇಳಿದುಕೊಂಡಿದ್ದ ಹೋಟೆಲಿನ ಕೌಂಟರಿನಲ್ಲಿ ವಿಚಾರಿಸಿದೆ. ಮಾತು ಮುಗಿಯುವ ಮೊದಲೇ ಟಿಕೆಟ್ ಕೈಗೆ ಬಂತು. ವ್ಯಾನಿನಲ್ಲಿ ಕರೆದುಕೊಂಡು ಹೋಗಿ ಒಂದು ದೊಡ್ಡ ಹಾಲ್‌ನಲ್ಲಿ ಕೂರಿಸಿದರು. ಎಂಬತ್ತು ಜನ ಇದ್ದಿರಬಹುದು. ಎಲ್ಲರೂ ನನ್ನ ಹಾಗೆ ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡವರೇ. ಹಾಡಿದಾಕೆ ಚೆನ್ನಾಗಿಯೇ ಹಾಡಿದರು, ಸುಳ್ಳು ಹೇಳಬಾರದು. ಆದರೆ ಹಾಡಿನ ಮಧ್ಯೆ ತಟ್ಟೆ ಚಮಚದ ಸದ್ದು, ಹಾಡು ಮುಗಿದ ತಕ್ಷಣ ಒಂದೇ ಜೋಕು ನಾಲ್ಕು ಭಾಷೆಯಲ್ಲಿ. ಮುಕ್ಕಾಲು ಗಂಟೆ ಆಗುತ್ತಿದ್ದ ಹಾಗೆ ಏಳಿ ಏಳಿ, ವ್ಯಾನ್ ಕಾಯುತ್ತಿದೆ.

ಮಾರನೇ ದಿನ ರಾತ್ರಿ ಹಳೇ ಬಡಾವಣೆ ಅಲ್ಫಾಮಾದ ಮೆಟ್ಟಿಲು ಗಲ್ಲಿಗಳಲ್ಲಿ ದಾರಿ ತಪ್ಪಿಸಿಕೊಂಡೆ. ಒಂದು ಕಡೆ ಬಾಗಿಲು ಅರ್ಧ ತೆರೆದಿತ್ತು, ಒಳಗೆ ದೀಪ ಆರಿಸಿದ್ದರು. ಏಪ್ರನ್ ಕಟ್ಟಿಕೊಂಡ ಹೆಂಗಸೊಬ್ಬರು, ಅಡುಗೆಮನೆಯಿಂದ ಹಾಗೇ ಎದ್ದು ಬಂದವರ ಹಾಗೆ, ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದರು. ಪಕ್ಕದಲ್ಲಿ ಒಬ್ಬರ ಕೈಯಲ್ಲಿ ಆ ದುಂಡನೆಯ ಹನ್ನೆರಡು ತಂತಿಯ ಪೋರ್ಚುಗೀಸ್ ಗಿಟಾರು, ಇನ್ನೊಬ್ಬರ ಹತ್ತಿರ ಮಾಮೂಲಿ ಗಿಟಾರು. ಮೈಕ್ ಇಲ್ಲ. ನಾನು ಒಂದು ಕಾಲು ಮೇಲಿನ ಮೆಟ್ಟಿಲಲ್ಲಿ, ಒಂದು ಕಾಲು ಕೆಳಗಿನ ಮೆಟ್ಟಿಲಲ್ಲಿ ಇಟ್ಟುಕೊಂಡು ಹಾಗೇ ನಿಂತುಬಿಟ್ಟೆ. ಸಿಕ್ಕಿದ್ದು ಒಂದೂವರೆ ಹಾಡು. ದೀಪ ಹತ್ತಿತು, ಜನ ಕೋಟು ಹಾಕಿಕೊಂಡು ಹೊರಗೆ ಬಂದರು. ಬೆಳಗ್ಗೆ ಆರಕ್ಕೆ ನನ್ನ ವಿಮಾನ.

ಆ ಅರ್ಧ ಹಾಡು ಇನ್ನೂ ತಲೆಯಲ್ಲಿ ಕೂತಿದೆ. ಹಾಗಾಗಿ ಕೇಳುತ್ತಿದ್ದೇನೆ. ಇಂಥ ಜಾಗಗಳನ್ನು ನೀವು ಹೇಗೆ ಪತ್ತೆ ಮಾಡುತ್ತೀರಿ? ದಾರಿ ತಪ್ಪುವುದೊಂದೇ ಉಪಾಯವಾ? ರಸ್ತೆಯಲ್ಲಿ ನುಡಿಸುವವರ ಮುಂದೆ ನಿಂತಾಗ ಎಷ್ಟು ಹಾಕಬೇಕು, ವಿಡಿಯೊ ಮಾಡಬಹುದಾ, ಅರ್ಧಕ್ಕೆ ಎದ್ದು ಹೋದರೆ ತಪ್ಪಾ? ನನಗೆ ಇದೆಲ್ಲ ಮುಜುಗರ. ಸುಮ್ನೆ ದೂರದಿಂದ ಕೇಳಿ ಜಾರಿಕೊಳ್ಳುವ ಜಾತಿ ನಾನು. ಈ ಸಲ ಜುಲೈ ಮೊದಲ ವಾರ ಐರ್ಲೆಂಡಿನ ಪಶ್ಚಿಮಕ್ಕೆ, ಕ್ಲೇರ್ ಕೌಂಟಿ ಕಡೆ ಹೊರಟಿದ್ದೇನೆ. ಎಂಟು ದಿನ.

ಕಿತ್ತ ತಂತಿ

ಕಿಟಕಿ ಸೀಟು ಅವರೇ, ನೀವು ನೋಡಿದ್ದು ಬಹುಶಃ ಅಲ್ಲಿಯವರು 'ಫಾದೊ ವಾದಿಯು' ಅನ್ನುವಂಥದ್ದು. ಪೋಲಿ ಫಾದೊ, ಅಲೆಮಾರಿ ಫಾದೊ ಅನ್ನಬಹುದು. ಸಂಬಳದ ಗಾಯಕರು ಇರುವುದಿಲ್ಲ. ಅಡುಗೆಯವರು, ಪಕ್ಕದ ಮನೆಯವರು, ಟ್ಯಾಕ್ಸಿ ಓಡಿಸುವವರು, ಯಾರಿಗೆ ಬರುತ್ತೋ ಅವರು ಸರದಿಯಲ್ಲಿ ಎದ್ದು ಹಾಡುತ್ತಾರೆ. ದೀಪ ಆರಿಸುವುದು, ಹಾಡು ನಡೆಯುವಾಗ ಎಲ್ಲರೂ ಬಾಯಿ ಮುಚ್ಚಿಕೊಳ್ಳುವುದು ಎರಡೂ ಅಲ್ಲಿನ ಕಟ್ಟುನಿಟ್ಟು. 2011ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿದ್ದು ಈ ಫಾದೊ ಸಂಗೀತವೇ. ನಿಮಗೆ ಬಾಗಿಲು ಸರಿಯಾಗಿಯೇ ಸಿಕ್ಕಿತ್ತು. ಸಿಕ್ಕಿದ್ದು ಕೊನೇ ರಾತ್ರಿ, ಎಡವಟ್ಟಾಗಿದ್ದು ಅಷ್ಟೇ.

ನನ್ನ ಕಥೆ ಹೇಳುತ್ತೇನೆ. ನಾನು ವಯೊಲಿನ್ ಕಲಿತವನು, ನುಡಿಸುವುದು ಅಷ್ಟಕ್ಕಷ್ಟೆ. ಬುಡಾಪೆಸ್ಟಿನಲ್ಲಿ ಮೊದಲ ತಂತಿ ಪಟ್ ಅಂತ ಕಿತ್ತುಹೋಯಿತು. ವಾದ್ಯ ರಿಪೇರಿ ಮಾಡುವ ಒಂದು ಗೂಡಿನಂಥ ಅಂಗಡಿ ಹುಡುಕಿಕೊಂಡು ಹೋದೆ. ಒಳಗೆ ಅಂಟಿನ ವಾಸನೆ, ಗೋಡೆ ತುಂಬ ಹೊಟ್ಟೆ ಬಿಚ್ಚಿದ ವಯೊಲಿನ್‌ಗಳು. ತಂತಿ ಕಟ್ಟುತ್ತಿದ್ದ ಮುದುಕಪ್ಪನನ್ನು ಕೇಳಿದೆ: 'ಕೆಲಸ ಇಲ್ಲದ ಸಂಜೆ ನೀವು ಎಲ್ಲಿಗೆ ಹೋಗಿ ಕೇಳುತ್ತೀರಿ?' ಪ್ರವಾಸಿಗಳಿಗೆ ಯಾವುದು ಚೆನ್ನ ಅಂತ ಕೇಳಲಿಲ್ಲ, ಗಮನಿಸಿ. ಆತ ತಂತಿಯ ಕಾಗದದ ಲಕೋಟೆ ತಿರುಗಿಸಿ, ಹಿಂದುಗಡೆ ಒಂದು ವಾರದ ಹೆಸರು, ಒಂದು ರಸ್ತೆಯ ಹೆಸರು ಬರೆದುಕೊಟ್ಟ.

ಅದು 'ತಾಂತ್ಸ್‌ಹಾಜ್', ಅಂದರೆ ಕುಣಿತದ ಮನೆ. 1972ರಲ್ಲಿ ಬುಡಾಪೆಸ್ಟಿನ ಹುಡುಗ ಹುಡುಗಿಯರು ಹಳ್ಳಿಯ ಸಂಗೀತವನ್ನೂ ಕುಣಿತವನ್ನೂ ಪಟ್ಟಣಕ್ಕೆ ತಂದು ಶುರುಮಾಡಿದ್ದು. ಮೊದಲು ಹೆಜ್ಜೆ ಹೇಳಿಕೊಡುತ್ತಾರೆ, ಆಮೇಲೆ ಬ್ಯಾಂಡ್ ನಿಲ್ಲಿಸುವುದೇ ಇಲ್ಲ. ಅಲ್ಲಿ ಕೊಂತ್ರಾ ಅಂತ ಒಂದು ವಾದ್ಯ ನೋಡಿದೆ. ವಯೊಲಾ ಥರಾನೇ, ಆದರೆ ಮೂರೇ ತಂತಿ. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆ ನಮ್ಮ ವಯೊಲಿನ್ನಿನ ಹಾಗೆ ಬಾಗಿಲ್ಲ, ಸಪಾಟು. ಅದಕ್ಕೇ ಬಿಲ್ಲು ಎಳೆದರೆ ಮೂರೂ ತಂತಿ ಒಟ್ಟಿಗೆ ಮೊಳಗುತ್ತವೆ. ಹಾಡು ನುಡಿಸುವುದು ಅದರ ಕೆಲಸವೇ ಅಲ್ಲ, ಝಕ್ ಝಕ್ ಅಂತ ಕುಣಿಯುವವರ ಕಾಲ ಕೆಳಗೆ ನೆಲ ಹಾಸುವುದು. ಮೊದಲ ವಾರ ನಾನು ಗೋಡೆಗೆ ಒರಗಿ ಜನರ ಬೂಟು ನೋಡುತ್ತ ನಿಂತಿದ್ದೆ. ಮುಂದಿನ ವಾರ ಮತ್ತೆ ಹೋದೆ. ಆಗ ಕೊಂತ್ರಾ ನುಡಿಸುವಾತ ನನ್ನನ್ನು ಗುರುತಿಟ್ಟುಕೊಂಡಿದ್ದ. ಬಿಡುವಿನಲ್ಲಿ ಎದ್ದು ಬಂದು ವಾದ್ಯವನ್ನೇ ನನ್ನ ಕೈಗೆ ಕೊಟ್ಟ. ನಾನು ಎಳೆದ ಮೊದಲ ಬಿಲ್ಲಿಗೆ ಬಂದ ಸದ್ದು, ಬಿಡಿ, ತುಕ್ಕು ಹಿಡಿದ ಗೇಟು.

ಅಂದಿನಿಂದ ನನ್ನದು ಒಂದೇ ಲೆಕ್ಕ. ಊರಿಗೆ ಇಳಿದ ಮೊದಲ ಸಂಜೆಯೇ ಹುಡುಕು, ಸಿಕ್ಕಿದ ಜಾಗಕ್ಕೆ ಎರಡನೇ ಸಲ ಹೋಗು. ಐದು ಜಾಗ ಒಂದೊಂದು ಸಲ ನೋಡುವುದಕ್ಕಿಂತ ಒಂದೇ ಜಾಗಕ್ಕೆ ಎರಡು ಸಲ ಹೋಗುವುದು ನನಗೆ ಲಾಭವಾಗಿದೆ.

ಇನ್ನೊಂದು ಮೂಲ, ಊರಿನ ರೇಡಿಯೊ. ನ್ಯೂ ಆರ್ಲಿಯನ್ಸಿನಲ್ಲಿ ಡಬ್ಲ್ಯುಡಬ್ಲ್ಯುಓಜಡ್ ಅಂತ ಸ್ಟೇಷನ್ ಇದೆ, ಎಫ್ಎಂ 90.7ರಲ್ಲಿ. ಇವತ್ತು ರಾತ್ರಿ ಯಾರು ಎಲ್ಲಿ ನುಡಿಸುತ್ತಾರೆ ಅನ್ನುವುದನ್ನು ಅವರೇ ಓದಿ ಹೇಳುತ್ತಾರೆ. ಅದನ್ನು ಕೇಳಿಕೊಂಡು ಫ್ರೆಂಚ್‌ಮೆನ್ ಸ್ಟ್ರೀಟಿಗೆ ಹೋದವರು ಬೋರ್ಬನ್ ಸ್ಟ್ರೀಟಿನ ನೂಕುನುಗ್ಗಲಿಗೆ ಮತ್ತೆ ತಲೆ ಹಾಕುವುದಿಲ್ಲ.

ಟೋಪಿಗೆ ಚಿಲ್ಲರೆ

ದುಡ್ಡಿನ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಓದುತ್ತಿದ್ದಾಗ ಎರಡು ಬೇಸಿಗೆ ರಜೆ ಪೂರ್ತಿ ಪರದೇಶದ ಒಂದು ಊರಿನಲ್ಲಿ ರಸ್ತೆ ಬದಿ ನಿಂತು ಕೊಳಲು ನುಡಿಸಿದ್ದೇನೆ. ಟೋಪಿಯ ಆ ಕಡೆ ನಿಂತವಳು ನಾನು.

ನಿಮಗೆ ಕಾಣದ ಒಂದು ವಿಷಯ ಹೇಳಲಾ? ಟೋಪಿಯಲ್ಲಿ ಮೊದಲು ಬಿದ್ದಿರುವ ನಾಲ್ಕು ನಾಣ್ಯ ನಮ್ಮವೇ. ಖಾಲಿ ಟೋಪಿಗೆ ಯಾರೂ ಹಾಕುವುದಿಲ್ಲ. ಜಾಸ್ತಿ ತುಂಬಿದರೂ ಹಾಕುವುದಿಲ್ಲ, ಅದಕ್ಕೇ ನೋಟು ಬಿದ್ದರೆ ಮೆಲ್ಲಗೆ ಜೇಬಿಗೆ ಇಳಿಸುತ್ತೇವೆ. ಗಾಳಿಗೆ ಹಾರಿ ಹೋಗುತ್ತೆ ಅನ್ನುವುದು ನೆಪ.

ನಾವು ನಿಲ್ಲುವ ಜಾಗವೂ ಸುಮ್ನೆ ಸಿಕ್ಕಿದ್ದಲ್ಲ. ಬೆನ್ನ ಹಿಂದೆ ಗೋಡೆ ಬೇಕು, ಸದ್ದು ಮುಂದಕ್ಕೆ ಬರಲಿ ಅಂತ. ಕಾರಂಜಿ ಪಕ್ಕ ಯಾವನೂ ನಿಲ್ಲುವುದಿಲ್ಲ, ನೀರಿನ ಸದ್ದು ಕೊಳಲನ್ನು ನುಂಗಿಬಿಡುತ್ತೆ. ಜನ ಓಡುವ ಜಾಗ ಬೇಡ, ಕಾಲು ತಾನಾಗಿ ನಿಧಾನವಾಗುವ ಜಾಗ ಬೇಕು. ಕೆಳಸೇತುವೆ, ಕಮಾನು, ಸಂತೆಯ ಬಾಗಿಲು. ಹೊಸ ಊರಿನಲ್ಲಿ ಕಲಾವಿದರನ್ನು ಹುಡುಕಬೇಕಾದರೆ ನಮ್ಮ ಹಾಗೆ ಯೋಚಿಸಿ, ಸಿಗುತ್ತಾರೆ.

ವಾಷಿಂಗ್ಟನ್ನಿನ ಪ್ರಯೋಗ ಕೇಳಿರುತ್ತೀರಿ. 2007ರ ಜನವರಿ 12ರ ಬೆಳಗ್ಗೆ ಹೆಸರಾಂತ ವಯೊಲಿನ್ ವಾದಕ ಜೋಶುವಾ ಬೆಲ್ ಮೆಟ್ರೊ ಸ್ಟೇಷನ್ನಿನಲ್ಲಿ 43 ನಿಮಿಷ ನುಡಿಸಿದರು. 1713ರ ಸ್ಟ್ರಾಡಿವೇರಿಯಸ್ ವಯೊಲಿನ್. ಮುಂದೆ ಹಾದುಹೋದವರು 1,097 ಜನ, ಒಂದು ನಿಮಿಷವಾದರೂ ನಿಂತವರು ಏಳು. ಬಿದ್ದಿದ್ದು 32 ಡಾಲರ್ ಚಿಲ್ಲರೆ. ಎಲ್ಲರೂ ಇದನ್ನು ಹೇಳಿ ಅಯ್ಯೋ ಜನರಿಗೆ ಕಿವಿಯೇ ಇಲ್ಲ ಅನ್ನುತ್ತಾರೆ. ನನಗೆ ನಗು ಬರುತ್ತೆ. ಆಫೀಸಿಗೆ ಓಡುವ ಹೊತ್ತಿನಲ್ಲಿ ಯಾರು ನಿಲ್ಲುತ್ತಾರೆ? ರಸ್ತೆಯಲ್ಲಿ ಒಂದು ವಾರ ನುಡಿಸಿದ ಯಾವ ಹುಡುಗನನ್ನು ಕೇಳಿದ್ದರೂ 'ಸ್ವಾಮಿ, ಸಂಜೆ ಬನ್ನಿ' ಅನ್ನುತ್ತಿದ್ದ. ನೀವೂ ಸಂಜೆ ಹೋಗಿ.

ಸುರಂಗ ರೈಲಿನ ಸ್ಟೇಷನ್ನುಗಳಲ್ಲಿ ನುಡಿಸುವವರನ್ನು ಭಿಕ್ಷುಕರು ಅಂದುಕೊಳ್ಳಬೇಡಿ. ಪ್ಯಾರಿಸ್ ಮೆಟ್ರೊದಲ್ಲಿ 1997ರಿಂದ ಆಡಿಷನ್ ಇದೆ, ಸುಮಾರು 300 ಜನರಿಗೆ ಮಾತ್ರ ಬ್ಯಾಡ್ಜು ಸಿಗುತ್ತೆ. ಲಂಡನ್ನಿನ ಅಂಡರ್‌ಗ್ರೌಂಡ್‌ನಲ್ಲಿ 2003ರಿಂದ ಲೈಸೆನ್ಸ್ ಪದ್ಧತಿ. ಅಲ್ಲಿ ನೆಲದ ಮೇಲೆ ಅರ್ಧಚಂದ್ರದ ಗುರುತು ಕಂಡರೆ ಅದು ನುಡಿಸುವವರ ಜಾಗ. ಈಗ ಖಾಲಿ ಇದ್ದರೂ ಇನ್ನೊಂದು ಹೊತ್ತಿನಲ್ಲಿ ಯಾರಾದರೂ ಇರುತ್ತಾರೆ.

ಎಷ್ಟು ಹಾಕಬೇಕು? ಒಂದು ಹಾಡು ನಿಂತು ಕೇಳಿದರೆ ಕೈಗೆ ಸಿಕ್ಕ ನಾಣ್ಯ. ಮೂರು ಹಾಡು ನಿಂತರೆ ಆ ಊರಿನಲ್ಲಿ ಒಂದು ಕಪ್ ಕಾಫಿಗೆ ಎಷ್ಟೋ ಅಷ್ಟು. ಇದು ನನ್ನ ಅಳತೆ, ಕಾನೂನಲ್ಲ. ದೂರದಿಂದ ಎಸೆಯಬೇಡಿ. ಬಗ್ಗಿ ಹಾಕಿ, ಒಂದು ಸಲ ಮುಖ ನೋಡಿ. ಅರ್ಧಕ್ಕೆ ಹೋದರೆ ನನ್ನಂಥವಳಿಗೆ ಬೇಜಾರಿಲ್ಲ, ನಮ್ಮದು ದಾರಿಹೋಕರ ಸಂಗೀತ. ಆದರೆ ಸುತ್ತ ಜನ ಸೇರಿಸಿ ಬೆಂಕಿ ಎಸೆಯುವವರು, ಒಂದೇ ಚಕ್ರದ ಸೈಕಲ್ ಹತ್ತುವವರದ್ದು ಬೇರೆ ಕಸುಬು. ಅವರು ಅರ್ಧ ಗಂಟೆ ಮಾತಾಡಿ, ನಗಿಸಿ, ಕೊನೆಯ ದೊಡ್ಡ ಆಟಕ್ಕೆ ಸ್ವಲ್ಪ ಮೊದಲು ದುಡ್ಡಿನ ಮಾತು ತೆಗೆಯುತ್ತಾರೆ. ಅರ್ಧ ಗಂಟೆ ಮುಂದಿನ ಸಾಲಿನಲ್ಲಿ ಕೂತು, ಆ ಮಾತು ಬಂದ ಕೂಡಲೇ ಜಾರಿಕೊಳ್ಳುವವರನ್ನು ನಾವು ಹತ್ತು ಗಜದಿಂದ ಗುರುತು ಹಿಡಿಯುತ್ತೇವೆ. ಜೇಬಲ್ಲಿ ದುಡ್ಡಿಲ್ಲವಾ, ಮುಂದಿನ ಸಾಲಿನಲ್ಲಿ ನಿಂತು ನಾಲ್ಕು ಜನ ಸೇರುವ ತನಕ ಇರಿ. ಅದೂ ದುಡ್ಡೇ. ಮುಂದೆ ಖಾಲಿ ಇದ್ದರೆ ಯಾರೂ ಹತ್ತಿರ ಬರುವುದಿಲ್ಲ.

ವಿಡಿಯೊ ಅರ್ಧ ನಿಮಿಷ ಮಾಡಿಕೊಳ್ಳಿ, ಫೋನ್ ತೋರಿಸಿ ಕಣ್ಣಲ್ಲೇ ಕೇಳಿ. ಪೂರ್ತಿ ಹಾಡು ಫೋನ್ ಹಿಡಿದುಕೊಂಡು ನಿಂತರೆ ನಮಗೆ ಕಾಣುವುದು ನಿಮ್ಮ ಮುಖವಲ್ಲ, ಕಪ್ಪು ಗಾಜು.

ಕಿತ್ತ ತಂತಿ ಹೇಳಿದ 'ಎರಡನೇ ಸಲ' ನಿಜ. ದಿನಾ ಸಂಜೆ ಐದೂವರೆಗೆ ಒಬ್ಬ ಅಂಚೆಯಾತ ಬಂದು ಕಂಬಕ್ಕೆ ಸೈಕಲ್ ಒರಗಿಸಿ ಒಂದೇ ಹಾಡು ಕೇಳಿ ಹೋಗುತ್ತಿದ್ದ. ಮೂರನೇ ದಿನದಿಂದ ಅವನ ಸೈಕಲ್ ಕಂಡ ಕೂಡಲೇ ನಾನು ಆ ಹಾಡಿಗೆ ಹೊರಳುತ್ತಿದ್ದೆ. ಅವನು ಹಾಕಿದ್ದು ಕಡಿಮೆ. ಇರಲಿ ಬಿಡಿ.

ಜೇಬು ಭದ್ರ

ಎಲ್ಲರೂ ಹೊಗಳುತ್ತಿದ್ದೀರಿ, ನಾನು ಸ್ವಲ್ಪ ತಕರಾರು ತೆಗೆಯುತ್ತೇನೆ.

ಮೊರಾಕೊದ ಮರಾಕೆಶ್‌ನ ಜೆಮಾ ಎಲ್-ಫ್ನಾ ಚೌಕದಲ್ಲಿ ಎರಡು ಸಂಜೆ ಕಳೆದಿದ್ದೇನೆ. ಯುನೆಸ್ಕೊ 2001ರಲ್ಲೇ ಗೌರವ ಕೊಟ್ಟ ಜಾಗ, ಯಾಕೆ ಅನ್ನುವುದು ಕತ್ತಲಾದ ಮೇಲೆ ಗೊತ್ತಾಗುತ್ತೆ. ಒಂದೊಂದು ಗುಂಪೂ ಒಂದೊಂದು ದುಂಡು, ಅದಕ್ಕೆ ಹಲ್ಕಾ ಅನ್ನುತ್ತಾರೆ. ಒಂದರಲ್ಲಿ ಕಥೆಗಾರ, ಇನ್ನೊಂದರಲ್ಲಿ ಗ್ನಾವಾ ಸಂಗೀತದವರು. ಕೈಯಲ್ಲಿ ಕಬ್ಬಿಣದ ಜೋಡಿ ತಾಳ, ನಡುವೆ ಗಿಂಬ್ರಿ ಅನ್ನುವ ಮೂರು ತಂತಿಯ ದಪ್ಪ ದನಿಯ ವಾದ್ಯ. ಆ ತಾಳ ಹತ್ತು ನಿಮಿಷ ಕೇಳಿದರೆ ಹಲ್ಲು ಕೂಡ ಅದರ ಜೊತೆ ಕಟಕಟ ಅನ್ನುತ್ತೆ. ಎಲ್ಲ ಸರಿ. ಆದರೆ ದೂರದಿಂದ ಒಂದು ಫೋಟೊ ತೆಗೆದದ್ದಕ್ಕೆ ಹಾವಾಡಿಗನ ಕಡೆಯವನು ನನ್ನ ತೋಳು ಹಿಡಿದುಕೊಂಡು ದುಡ್ಡು ಕೇಳಿದ. ಕೊಟ್ಟೆ. ಸಾಲದು ಅಂದ. ಅಲ್ಲಿ ಫೋಟೊ ಅಂದರೆ ದುಡ್ಡು, ಮೊದಲೇ ಮಾತಾಡಿಕೊಳ್ಳಬೇಕು. ಆ ಗಡಿಬಿಡಿಯಲ್ಲೇ ಬೆನ್ನಿನ ಚೀಲದ ಜಿಪ್ಪು ಯಾರೋ ತೆಗೆದಿದ್ದರು. ಹೋಗಿದ್ದು ಒಂದು ಕನ್ನಡಕದ ಡಬ್ಬಿ, ಪುಣ್ಯ. ದುಂಡಿನಲ್ಲಿ ನಿಂತಾಗ ಚೀಲ ಎದೆ ಮೇಲೆ, ಚಿಲ್ಲರೆ ಬೇರೆ ಜೇಬಿನಲ್ಲಿ. ಎಲ್ಲ ಊರಿಗೂ ಇದೇ.

ಎರಡನೇ ತಕರಾರು ನಿಮ್ಮ ಮೇಲೆ, ಕಿಟಕಿ ಸೀಟು. ಆ ಹಾಲ್‌ನಲ್ಲಿ ಹಾಡಿದಾಕೆ 'ನಿಜ'ದವಳಲ್ಲ, ಗಲ್ಲಿಯಲ್ಲಿ ಹಾಡಿದಾಕೆ 'ನಿಜ'ದವಳು ಅನ್ನುವ ಧಾಟಿ ನನಗೆ ಹಿಡಿಸಲಿಲ್ಲ. ವಾರಕ್ಕೆ ಐದು ದಿನ ತಟ್ಟೆ ಚಮಚದ ಸದ್ದಿಗೆ ಹಾಡಿದರೇನೇ ಎಷ್ಟೋ ಜನರ ಬಾಡಿಗೆ ಕಟ್ಟುವುದು. ಮೆಕ್ಸಿಕೊ ಸಿಟಿಯ ಗರಿಬಾಲ್ದಿ ಚೌಕಕ್ಕೆ ಹೋಗಿ ನೋಡಿ. ಬೆಳ್ಳಿ ಗುಂಡಿಯ ಸೂಟು ಹಾಕಿಕೊಂಡು ಮರಿಯಾಚಿಗಳು ಗಿರಾಕಿಗೆ ಕಾಯುತ್ತ ನಿಂತಿರುತ್ತಾರೆ. ಒಂದು ಹಾಡಿಗೆ ಇಷ್ಟು ಅಂತ ಮಾತಾಡಿ ಹಾಡಿಸಿಕೊಳ್ಳುವುದು. ಅಲ್ಲಿ ವ್ಯಾಪಾರವೇ ಪದ್ಧತಿ. ಅದರಲ್ಲಿ ಸುಳ್ಳು ಏನಿದೆ?

ಕಿಟಕಿ ಸೀಟು

ಒಪ್ಪಿದೆ. ಆಕೆಯ ಮೇಲೆ ನನಗೇನೂ ಸಿಟ್ಟಿಲ್ಲ, ಆ ವ್ಯಾನಿನ ಮೇಲೆ ಇತ್ತು. ಬರೆಯುವಾಗ ಎರಡೂ ಕಲಸಿಹೋಯಿತು.

ಮೂಲೆ ಬೆಂಚು

ಜುಲೈ ಮೊದಲ ವಾರ, ಕ್ಲೇರ್ ಅಂದಿರಲ್ಲ, ಯಾರೂ ಹೇಳಲಿಲ್ಲ ಅಂತ ಹೇಳುತ್ತಿದ್ದೇನೆ. ಆ ವಾರವೇ ಮಿಲ್‌ಟೌನ್ ಮಾಲ್ಬೇ ಅನ್ನುವ ಸಣ್ಣ ಊರಿನಲ್ಲಿ ವಿಲಿ ಕ್ಲಾನ್ಸಿ ಸಂಗೀತದ ಬೇಸಿಗೆ ಶಾಲೆ. ವಿಲಿ ಕ್ಲಾನ್ಸಿ ಪೈಪ್ ಅನ್ನುವ ಐರಿಶ್ ವಾದ್ಯದ ದೊಡ್ಡ ವಾದಕರು, 1973ರಲ್ಲಿ ತೀರಿಕೊಂಡರು. ಅದೇ ವರ್ಷ ಅವರ ನೆನಪಿಗೆ ಶುರುವಾಗಿದ್ದು. ಬೆಳಗ್ಗೆ ಪಾಠ, ರಾತ್ರಿ ಊರಿನ ಎಲ್ಲ ಪಬ್ಬುಗಳಲ್ಲೂ ಸೆಷನ್. ರೂಮು ಈಗಲೇ ಹಿಡಿಯಿರಿ, ಸಿಗುವುದು ಕಷ್ಟ.

ಸೆಷನ್ ಅಂದರೆ ಸಂಗೀತ ಕಚೇರಿ ಅಲ್ಲ. ವೇದಿಕೆ ಇಲ್ಲ. ಒಂದು ಮೇಜಿನ ಸುತ್ತ ಮುಖಾಮುಖಿ ಕೂತು ತಮ್ಮ ಪಾಡಿಗೆ ನುಡಿಸುತ್ತಾರೆ. ಆ ಮೇಜಿನ ಕುರ್ಚಿ ಖಾಲಿ ಇದೆ ಅಂತ ಕೂರಬೇಡಿ. ಮೇಜು ಕುಟ್ಟಬೇಡಿ, ತಾಳಕ್ಕೆ ಚಪ್ಪಾಳೆ ಹಾಕಬೇಡಿ. ಎಲ್ಲಿ, ಯಾವ ವಾರ ಸೆಷನ್ ಇದೆ ಅಂತ 'ದಿ ಸೆಷನ್' ಜಾಲತಾಣದಲ್ಲಿ ನುಡಿಸುವವರೇ ಹಾಕಿರುತ್ತಾರೆ.

ಕಿಟಕಿ ಸೀಟು

ಹೋಗಿ ಬಂದೆ. ವರದಿ ಒಪ್ಪಿಸಬೇಕಲ್ಲ.

ಮೊದಲ ರಾತ್ರಿ ಹೇಳಿದ್ದೆಲ್ಲ ಮರೆತು ಖಾಲಿ ಕುರ್ಚಿಯಲ್ಲಿ ಕೂತೆ. ಮೂಲೆ ಬೆಂಚು, ದಯವಿಟ್ಟು ನಗಬೇಡಿ. ಕಾಲಿಗೆ ಏನೋ ತಾಗಿತು, ನೋಡಿದರೆ ಪಿಟೀಲಿನ ಪೆಟ್ಟಿಗೆ. ಅದರ ಒಡತಿ ನನ್ನ ಹಿಂದೆ ನಿಂತು ನಗುತ್ತಿದ್ದರು. ಎದ್ದೆ. ಸಾರಿ ಹೇಳುವ ಗಡಿಬಿಡಿಯಲ್ಲಿ ಕೋಟು ಅಲ್ಲೇ ಬಿಟ್ಟೆ. ಕೋಟಿನ ಮೇಲೆ ಅವರು ಕೂತರು. ಎರಡು ಗಂಟೆ ಹೊತ್ತು ಅದನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ.

ಕೋಟು ಕಾಯುತ್ತ ನಿಂತಿದ್ದರಿಂದ ಹಾಡುಗಳು ಒಂದಕ್ಕೊಂದು ಹೇಗೆ ಅಂಟಿಕೊಳ್ಳುತ್ತವೆ ಅಂತ ಕಂಡಿತು. ಒಂದು ಮಟ್ಟನ್ನು ಎರಡು ಮೂರು ಸಲ ನುಡಿಸುತ್ತಾರೆ. ಆಮೇಲೆ ಯಾರೋ ಒಬ್ಬರು ಹುಬ್ಬು ಎತ್ತುತ್ತಾರೆ, ಅಷ್ಟೇ. ಎಲ್ಲರೂ ಒಂದೇ ಉಸಿರಿನಲ್ಲಿ ಬೇರೆ ಮಟ್ಟಿಗೆ ಹಾರುತ್ತಾರೆ. ಗೊತ್ತಿಲ್ಲದವರು ವಾದ್ಯ ತೊಡೆ ಮೇಲೆ ಇಟ್ಟು ಸುಮ್ಮನೆ ಕೇಳುತ್ತಾರೆ. ಯಾರೂ ಯಾರಿಗೂ ಬೇಸರ ಮಾಡಿಕೊಳ್ಳುವುದಿಲ್ಲ.

ಎರಡನೇ ರಾತ್ರಿ ಬೇರೆ ಪಬ್ಬಿಗೆ ಹೋಗುವ ಆಸೆ ಇತ್ತು, ಪಕ್ಕದಲ್ಲೇ ಇನ್ನೂ ಜೋರು ಸದ್ದು ಬರುತ್ತಿತ್ತು. ಆದರೂ ಅಲ್ಲಿಗೇ ಹೋದೆ. ಅದೇ ಗೋಡೆಗೆ ಒರಗಿ ನಿಂತೆ. ಆಕೆ ನನ್ನನ್ನು ನೋಡಿದರು, ಬಗ್ಗಿ ತಮ್ಮ ಕುರ್ಚಿಯ ಸೀಟು ತಡವಿ ನೋಡಿಕೊಂಡರು, ಇವತ್ತು ಕೋಟು ಇಲ್ಲ ತಾನೇ ಅನ್ನುವ ಹಾಗೆ. ಇಡೀ ಮೇಜು ನಕ್ಕಿತು. ಕೊಳಲಿನ ಅಜ್ಜ ಕಾಲಲ್ಲೇ ಒಂದು ಸ್ಟೂಲು ನನ್ನ ಕಡೆ ತಳ್ಳಿದರು, ದುಂಡಿನ ಹೊರಗೆ, ಆದರೆ ಹತ್ತಿರ. ಅಲ್ಲಿಂದ ಅವರು ಉಸಿರು ಎಳೆದುಕೊಳ್ಳುವುದೂ ಕೇಳುತ್ತಿತ್ತು. ಆ ಉಸಿರೂ ತಾಳದಲ್ಲೇ ಇತ್ತು.

ತಡರಾತ್ರಿ ಅವರು ಒಬ್ಬರೇ ಒಂದು ನಿಧಾನದ ಮಟ್ಟು ನುಡಿಸಿದರು. ಮೇಜಿನವರೆಲ್ಲ ಗ್ಲಾಸು ಮುಟ್ಟದೆ ಕೂತಿದ್ದರು. ಮುಗಿದ ಮೇಲೆ ಅದರ ಹೆಸರು ಕೇಳಿದೆ. ತಲೆ ಕೆರೆದುಕೊಂಡು ಪಕ್ಕದವರನ್ನು ಕೇಳಿದರು, ಅವರು ಮತ್ತೊಬ್ಬರನ್ನು ಕೇಳಿದರು. ಮೂರು ಜನ ಮೂರು ಹೆಸರು ಹೇಳಿದರು. ಟ್ಯೂನ್‌ಪ್ಯಾಲ್ ಅಂತ ಒಂದು ಆ್ಯಪ್ ಇದೆಯಂತೆ, ಮಟ್ಟು ನುಡಿಸಿದರೆ ಹೆಸರು ಹೇಳುತ್ತಂತೆ. ರೂಮಿಗೆ ಬಂದು ಶಿಳ್ಳೆ ಹಾಕಿ ಕೇಳಿಸಿದೆ. ಅದು ನಾಲ್ಕನೆಯ ಹೆಸರು ಹೇಳಿತು.

ಟೋಪಿಗೆ ಚಿಲ್ಲರೆ, ಅಲ್ಲಿ ಟೋಪಿ ಇರಲಿಲ್ಲ. ಏನು ಮಾಡಬೇಕು ತಿಳಿಯದೆ ಕೌಂಟರಿನವರನ್ನು ಕೇಳಿದೆ. ಮೇಜಿಗೆ ಒಂದು ಸುತ್ತು ಪಾನೀಯ ಕಳಿಸು ಅಂದರು. ಕಳಿಸಿದೆ. ಸರಿ ಮಾಡಿದೆನಾ?

ಟೋಪಿಗೆ ಚಿಲ್ಲರೆ

ಸರಿಯಾಗಿದೆ. ಕೋಟು ಸಿಕ್ಕಿತಾ?

ಕಿಟಕಿ ಸೀಟು

ಸಿಕ್ಕಿತು. ಬೆನ್ನಿನ ಹತ್ತಿರ ಪಿಟೀಲಿನ ರಾಳದ ಬಿಳಿ ಪುಡಿ ಹತ್ತಿದೆ. ಇನ್ನೂ ಒಗೆದಿಲ್ಲ.

ಕಿತ್ತ ತಂತಿ

ಆ ನಿಧಾನದ ಮಟ್ಟು ಶಿಳ್ಳೆ ಹಾಕಿ ಕಳಿಸಿ, ನಾನು ಹುಡುಕುತ್ತೇನೆ.

ಕಿಟಕಿ ಸೀಟು

ಕಳಿಸುತ್ತೇನೆ. ಐದನೆಯ ಹೆಸರು ಮಾತ್ರ ಹೇಳಬೇಡಿ.